ಸ್ವಾತಿ ಮಳೆ ಮುಗಿಯುವವರೆಗೆ ಪೆಟ್ಟಿಗೆ ತೆರೆಯುವುದಿಲ್ಲ

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕಲಿಯಬೇಕಾದದ್ದು ಕಲ್ಲುಗಳ ಹೆಸರಲ್ಲ. ಹೆಸರು ಪುಸ್ತಕದಲ್ಲಿದೆ, ಈಗ ಫೋನಿನಲ್ಲೂ ಸಿಗುತ್ತದೆ. ಮೊದಲು ಕಲಿಯಬೇಕಾದದ್ದು ‘ಆಗುವುದಿಲ್ಲ’ ಎನ್ನುವ ಮಾತು. ಅದನ್ನು ಮೇಲಿನವರ ಮುಖ ನೋಡಿಕೊಂಡು, ದನಿ ಏರಿಸದೆ, ಕ್ಷಮೆ ಕೇಳದೆ ಹೇಳಲು ಬರಬೇಕು. ನನಗೆ ಬರುತ್ತಿತ್ತು. ಅದಕ್ಕಾಗಿ ನನ್ನನ್ನು ಜಗಳಗಂಟಿ ಎಂದು ಕರೆದರು. ಕರೆಯಲಿ. ನಾನು ಕಾಯ್ದ ಕಲ್ಲುಗಳು ಇವತ್ತಿಗೂ ಇಡಿಯಾಗಿವೆ.

ಶಿವಮೊಗ್ಗದ ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಖನಿಜ ಸಂಗ್ರಹಾಲಯವನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಗಣಿ, ಕ್ವಾರಿ, ಬಾವಿ ತೋಡುವ ಜಾಗಗಳಿಗೆ ಹೋಗಿ ಒಳ್ಳೆಯ ಹರಳುಗಟ್ಟಿದ ಕಲ್ಲುಗಳನ್ನು ತರುವುದು, ಅವಕ್ಕೆ ಗುರುತು ಹಾಕುವುದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವುದು. ನಮ್ಮ ಅತ್ತೆಯವರನ್ನು ಯಾರಾದರೂ ಸೊಸೆ ಏನು ಮಾಡ್ತಾಳೆ ಎಂದು ಕೇಳಿದರೆ, “ಕಲ್ಲು ಒರೆಸೋಕೆ ಹೋಗ್ತಾಳೆ, ಮನೇಲಿ ರುಬ್ಬೋ ಕಲ್ಲು ಹಾಗೇ ಬಿದ್ದಿರತ್ತೆ” ಎನ್ನುತ್ತಿದ್ದರು. ಅದರಲ್ಲಿ ಅರ್ಧ ನಿಜವಿತ್ತು. ಆದರೆ ನಾನು ಕಲ್ಲು ಒರೆಸುತ್ತಿರಲಿಲ್ಲ. ಒರೆಸುವವರನ್ನು ತಡೆಯುತ್ತಿದ್ದೆ.

ನಾನು ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಸೈರನ್ ಕೂಗಿದಾಗ ಏಳುವುದು, ಸೈರನ್ ಕೂಗಿದಾಗ ಅಪ್ಪನ ಊಟದ ಕ್ಯಾರಿಯರ್ ಒಯ್ಯುವುದು, ಸೈರನ್ ಕೂಗಿದಾಗ ಆಟ ನಿಲ್ಲಿಸುವುದು. ನಿಯಮ ಎಂದರೆ ಗಾಳಿಯ ಹಾಗೆ ಸುತ್ತ ಇರುವಂಥದ್ದು, ಅದನ್ನು ಯಾಕೆಂದು ಕೇಳಬೇಕಾಗಿಲ್ಲ ಎಂದು ತಿಳಿದು ದೊಡ್ಡವಳಾದೆ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾದದ್ದು, ಎಲ್ಲರೂ ಭದ್ರಾವತಿಯಲ್ಲಿ ಬೆಳೆದಿರುವುದಿಲ್ಲ.

ನನ್ನ ಇಡೀ ಸೇವೆಯ ಕಥೆ ಒಂದೇ ಕಲ್ಲಿನ ಸುತ್ತ ಇದೆ ಎಂದರೂ ತಪ್ಪಲ್ಲ. ಕುಂಸಿಯ ಕಡೆಯಿಂದ ತಂದ ಮ್ಯಾಂಗನೀಸ್ ಅದಿರಿನ ಒಂದು ಗಡ್ಡೆ. ಅದರ ನಡುವೆ ಬಟ್ಟಲಿನಷ್ಟು ಪೊಳ್ಳು, ಪೊಳ್ಳಿನ ತುಂಬ ಕೂದಲಿಗಿಂತ ಸ್ವಲ್ಪ ದಪ್ಪನೆಯ ಕಪ್ಪು ಸೂಜಿಗಳು, ಅವುಗಳ ನಡುವೆ ಅಲ್ಲಲ್ಲಿ ನೀರಿನ ಹನಿಯಂಥ ಸ್ಫಟಿಕ. ಬೆಳಕು ಓರೆಯಾಗಿ ಬಿದ್ದರೆ ಸೂಜಿಗಳು ಉಕ್ಕಿನ ಹಾಗೆ ಮಿನುಗುತ್ತವೆ. ಬೆರಳು ತಾಗಿದರೆ ಮಸಿಯಾಗಿ ಉದುರುತ್ತವೆ. ಅದನ್ನು ಇಡಿಯಾಗಿ ಮುಂದಿನವರ ಕೈಗೆ ಒಪ್ಪಿಸುವುದು, ಇಷ್ಟೇ ನಾನು ಹಿಡಿದ ಹಟ.

ಅದು ಸಿಕ್ಕಿದ್ದು ನಮ್ಮ ಜಾಣ್ಮೆಯಿಂದಲ್ಲ. ವಿಭಾಗದ ಮುಖ್ಯಸ್ಥರಾಗಿದ್ದ ಗುರುಬಸಪ್ಪ ಸರ್ ವಿದ್ಯಾರ್ಥಿಗಳನ್ನು ಹಳೆಯ ಗಣಿಗುಂಡಿಗಳನ್ನು ತೋರಿಸಲು ಕರೆದುಕೊಂಡು ಹೊರಟಿದ್ದರು. ಜೀಪು ಓಡಿಸುತ್ತಿದ್ದವನು ಭದ್ರಾವತಿಯ ಸೆಲ್ವಂ. ಅವನ ಜೀಪಿನ ಹ್ಯಾಂಡ್‌ಬ್ರೇಕು ಎಂದೂ ಹಿಡಿಯುತ್ತಿರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಚಕ್ರಕ್ಕೆ ಒಂದು ಕಲ್ಲು ಕೊಡುವುದು ಅವನ ಪದ್ಧತಿ. ಅವತ್ತೂ ಗುಂಡಿಯ ಅಂಚಿನಲ್ಲಿ ಬಿದ್ದಿದ್ದ ಒಂದು ಭಾರದ ಕರಿಕಲ್ಲನ್ನು ಉರುಳಿಸಿ ತಂದು ಚಕ್ರದಡಿ ಇಟ್ಟ. ನಾವು ಇಡೀ ಬೆಳಿಗ್ಗೆ ಸುತ್ತಿಗೆ ಹಿಡಿದು ಗುಂಡಿ ತುಂಬ ಓಡಾಡಿ, ಕೈತುಂಬ ಮಸಿ ಮಾಡಿಕೊಂಡು, ತೋರಿಸಲು ಯೋಗ್ಯವಾದ ಒಂದೂ ತುಂಡು ಸಿಗದೆ ಹಿಂದಿರುಗಿದೆವು. ಸೆಲ್ವಂ ಜೀಪಿನ ಪಕ್ಕ ನಿಂತು ತಲೆ ಕೆರೆದುಕೊಳ್ಳುತ್ತಿದ್ದ.

“ಅಕ್ಕಾ, ಗಾಡಿ ಜಾರಿ ಕಲ್ಲು ಒಡ್ದೋಯ್ತು. ಒಳಗೆ ಏನೋ ಹುಳ ಹಿಡ್ದಂಗೆ ಐತೆ. ಬೇರೆ ಕಲ್ಲು ತರ್ಲಾ?”

ಬಗ್ಗಿ ನೋಡಿದೆ. ಹುಳವಲ್ಲ, ಸೂಜಿಗಳು.

“ಸೆಲ್ವಂ, ಗಾಡಿ ಮುಟ್ಟಬೇಡ.”

“ಮುಟ್ಟದೆ ಹೆಂಗಕ್ಕಾ ಶಿವಮೊಗ್ಗಕ್ಕೆ ಹೋಗೋದು?”

ಅರ್ಧ ಹೋಳು ಚಕ್ರದಡಿ ಪುಡಿಯಾಗಿತ್ತು. ಉಳಿದರ್ಧ ಚಕ್ರಕ್ಕೆ ಒರಗಿಕೊಂಡು ನಿಂತಿತ್ತು. ಎಂಜಿನ್ ಚಾಲೂ ಮಾಡಿದರೆ ಅದರ ನಡುಕಕ್ಕೇ ಸೂಜಿಗಳು ಉದುರುತ್ತವೆ. ವಿದ್ಯಾರ್ಥಿಗಳೆಲ್ಲ ಸೇರಿ ಜೀಪನ್ನು ಏರಿನ ಕಡೆಗೆ ಕೈಯಿಂದಲೇ ತಳ್ಳಿ ಹಿಡಿದರು, ನಾನು ಹೋಳನ್ನು ಬುಡದಲ್ಲಿ ಹಿಡಿದು ಎತ್ತಿಕೊಂಡೆ. ಸೆಲ್ವಂ ಪಕ್ಕದಲ್ಲಿ ನಿಂತು, “ನಾನು ತಂದ ಕಲ್ಲು, ನಂಗೇ ಬೈತಾರೆ” ಎಂದು ಗೊಣಗಿದ.

ಆಮೇಲೆ ಅದನ್ನು ಊರಿಗೆ ತರುವ ಪ್ರಶ್ನೆ. ಈಗಿನವರು ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ. ನಮ್ಮದು ಅಡಿಕೆ ಹಾಳೆ. ಒಣಗಿದ ಹಾಳೆಯನ್ನು ನೀರಿನಲ್ಲಿ ನೆನೆಹಾಕಿದರೆ ಚರ್ಮದ ಹಾಗೆ ಬಗ್ಗುತ್ತದೆ. ಅದನ್ನು ಕಲ್ಲಿನ ಬುಡಕ್ಕೆ ಒತ್ತಿ, ದಾರ ಬಿಗಿದು ಬಿಸಿಲಿಗೆ ಇಟ್ಟರೆ ಒಣಗುವಾಗ ಆ ಕಲ್ಲಿನದೇ ಆಕಾರ ತಾಳುತ್ತದೆ. ಆ ತೊಟ್ಟಿಲಲ್ಲಿ ಕೂತ ಕಲ್ಲು ಅಲ್ಲಾಡುವುದಿಲ್ಲ. ಪ್ಲಾಸ್ಟಿಕ್ ಹಾಳೆ ಮೇಲಿನಿಂದ ಒತ್ತುತ್ತದೆ, ಅಡಿಕೆ ಹಾಳೆ ಕೆಳಗಿನಿಂದ ಹಿಡಿಯುತ್ತದೆ. ಹರಳಿರುವ ಕಲ್ಲಿಗೆ ಎರಡನೆಯದೇ ಸರಿ. ಇದನ್ನು ಹಳೆಯ ಕಾಲದವರ ಹುಚ್ಚು ಎನ್ನುವವರು ಒಮ್ಮೆ ಎರಡನ್ನೂ ಮಾಡಿ ನೋಡಲಿ.

ಕುಂಸಿಯ ಒಂದು ಮನೆಯಲ್ಲಿ ಹಾಳೆ ಕೇಳಿ ಪಡೆದು, ನೆನೆಹಾಕಿ, ಕಟ್ಟಿ, ಅವರದೇ ಅಂಗಳದಲ್ಲಿ ಒಣಗುವುದನ್ನು ಕಾದೆವು. ಹಿಂದಿರುಗುವಾಗ ತ್ಯಾವರೆಕೊಪ್ಪದಲ್ಲಿ ಸಫಾರಿ ಎಂದು ಸರ್ ವಿದ್ಯಾರ್ಥಿಗಳಿಗೆ ಮಾತು ಕೊಟ್ಟಿದ್ದರು. ಹಾಳೆ ಒಣಗುವಷ್ಟರಲ್ಲಿ ಸಫಾರಿ ಮುಚ್ಚುವ ಹೊತ್ತಾಯಿತು. ಆ ತಂಡದ ಒಬ್ಬಳು ಇಂದಿಗೂ ಪೇಟೆಯಲ್ಲಿ ಸಿಕ್ಕಿದರೆ, “ಹುಲಿ ನೋಡಬೇಕಾದೋರನ್ನ ಹಾಳೆ ಒಣಗೋದು ನೋಡೋಕೆ ಕೂರಿಸಿದ್ರಲ್ಲ ಮೇಡಂ” ಎಂದು ಕೇಳುತ್ತಾಳೆ. ಹುಲಿ ನಾಳೆಯೂ ಇರತ್ತೆ ಮಾರಾಯ್ತಿ ಎಂದು ನಾನೂ ಅದೇ ಉತ್ತರ ಕೊಡುತ್ತೇನೆ.

ಕಾಲೇಜಿಗೆ ತಂದ ಮೇಲೆ ಮೊದಲ ಜಗಳ ಗುರುಬಸಪ್ಪ ಸರ್ ಜೊತೆಗೇ ಆಯಿತು. ಅವರು ನನಗೆ ಈ ಕೆಲಸ ಕಲಿಸಿದವರು, ಅವರ ಮೇಲೆ ನನಗೆ ಗೌರವ ಇದೆ. ಆದರೂ ಜಗಳ ಜಗಳವೇ. ಕಲ್ಲು ಅಲಮಾರಿನ ಹಲಗೆಗಳ ನಡುವೆ ಹಿಡಿಯಲಿಲ್ಲ. ಬುಡದ ಒರಟು ಭಾಗವನ್ನು ಉಳಿಯಿಂದ ತೆಗೆದುಬಿಡೋಣ, ಹರಳು ಮಾತ್ರ ಸಾಕಲ್ಲ ಎಂದರು. ಹರಳು ಹುಟ್ಟಿದ ಆ ಒರಟು ಭಾಗಕ್ಕೆ ನಾವು ತಾಯಿಕಲ್ಲು ಎನ್ನುತ್ತೇವೆ. ಅದನ್ನು ಕಿತ್ತರೆ ಹರಳು ಎಲ್ಲಿ, ಹೇಗೆ, ಯಾವುದರ ಜೊತೆ ಬೆಳೆಯಿತು ಎಂಬುದೆಲ್ಲ ಹೋಗಿ ಒಂದು ಆಟದ ಸಾಮಾನು ಉಳಿಯುತ್ತದೆ.

“ಹಲಗೆ ಕೊಯ್ಸೋಣ ಸರ್” ಎಂದೆ.

“ಅಲಮಾರು ಸರ್ಕಾರದ್ದು ಕಣಮ್ಮ. ಅದನ್ನ ಕೊಯ್ಯೋಕೆ ಯಾರನ್ನ ಕೇಳ್ತೀಯ?”

“ಕಲ್ಲೂ ಹಂಗೇ ಸರ್. ಅಲಮಾರು ಬೇಕಾದ್ರೆ ಇನ್ನೊಂದು ಮಾಡಿಸಬಹುದು. ಇದನ್ನ ಮಾಡಿಸೋಕೆ ಯಾರಿಗೆ ಟೆಂಡರ್ ಕೊಡ್ತೀರಿ?”

ಆಮೇಲೆ ಸರ್ ತಮ್ಮ ಮನೆಯ ಬಡಗಿಯನ್ನೇ ಕಳಿಸಿದರು. ಕಲ್ಲಿಗೆಂದೇ ಒಂದು ಗಾಜಿನ ಪೆಟ್ಟಿಗೆ ತಯಾರಾಯಿತು.

ಮೊದಲ ಮಳೆಗಾಲದಲ್ಲಿ ಪೆಟ್ಟಿಗೆಯ ತಳದಲ್ಲಿ ಕಪ್ಪು ಪುಡಿ ಕಾಣಿಸಿತು. ಸೂಜಿಗಳ ಬುಡದಲ್ಲಿ ಜೇಡಿಯಂಥ ಮಣ್ಣಿದೆ, ಅದು ಥಂಡಿ ಹೀರಿ ಉಬ್ಬುತ್ತದೆ, ಉಬ್ಬಿದಾಗ ಸೂಜಿಗಳನ್ನು ತಳ್ಳಿಬಿಡುತ್ತದೆ. ಇದನ್ನು ಕಂಡುಹಿಡಿದದ್ದು ಗುರುಬಸಪ್ಪ ಸರ್. ಅವರದೇ ನಿಯಮ: ಮೃಗಶಿರಾ ಮಳೆ ಹಿಡಿದ ದಿನ ಪೆಟ್ಟಿಗೆಯ ಅಂಚಿಗೆ ಮೇಣ ಹಚ್ಚಿ ಮುಚ್ಚಬೇಕು, ಸ್ವಾತಿ ಮಳೆ ಮುಗಿಯುವವರೆಗೆ ಯಾರೇ ಬಂದರೂ ತೆರೆಯಬಾರದು. ತಿಂಗಳ ಲೆಕ್ಕ ಹೇಳಿದರೆ ಜನ ಎರಡು ದಿನ ಹಿಂದೆ ಮುಂದೆ ಮಾಡೋಣ ಎನ್ನುತ್ತಾರೆ, ಮಳೆ ನಕ್ಷತ್ರ ಹೇಳಿದರೆ ಚೌಕಾಸಿ ಮಾಡುವುದಿಲ್ಲ ಎನ್ನುತ್ತಿದ್ದರು. ಸರ್ ನಿವೃತ್ತರಾದರು. ನಿಯಮ ನನ್ನ ಪಾಲಿಗೆ ಬಂತು.

ಮಳೆ ನಕ್ಷತ್ರಕ್ಕೂ ಚೌಕಾಸಿ ಮಾಡಿದವನು ನಮ್ಮ ಅಟೆಂಡರ್ ರಂಗನಾಥ. ಆಯುಧಪೂಜೆ ಬರುವುದು ಸ್ವಾತಿಗಿಂತ ಮೊದಲು. ಅವತ್ತು ವಿಭಾಗದ ಸೂಕ್ಷ್ಮದರ್ಶಕ, ತಕ್ಕಡಿ, ಸುತ್ತಿಗೆ, ಕೊನೆಗೆ ಬಾಗಿಲ ಚಿಲಕಕ್ಕೂ ಅರಿಶಿನ ಕುಂಕುಮ ಹಚ್ಚುವುದು ರಂಗನಾಥನ ಹಕ್ಕು. ಕುಂಸಿಯ ಕಲ್ಲಿಗೂ ಹಚ್ಚಬೇಕೆಂದು ಬಟ್ಟಲು ಹಿಡಿದು ನಿಂತ.

“ಎಲ್ಲಕ್ಕೂ ಹಚ್ಚಿ ಇದಕ್ಕೊಂದಕ್ಕೆ ಬಿಟ್ರೆ ಒಳ್ಳೇದಲ್ಲ ಮೇಡಂ. ಒಂದು ಬೊಟ್ಟು ಅಷ್ಟೇ.”

“ಗಾಜಿಗೆ ಇಡು.”

“ಗಾಜಿಗೆ ಇಟ್ರೆ ಒಳಗಿರೋದಕ್ಕೆ ಹೆಂಗೆ ಸೇರತ್ತೆ?”

“ಗರ್ಭಗುಡಿ ಹೊರಗೆ ನಿಂತು ಕೈ ಮುಗೀತೀಯಲ್ಲ, ಅದು ಹೆಂಗೆ ಸೇರತ್ತೋ ಹಂಗೆ.”

ಅವನು ಯೋಚಿಸಿ ಗಾಜಿಗೆ ಬೊಟ್ಟಿಟ್ಟ. ಅಂದಿನಿಂದ ಆ ಪೆಟ್ಟಿಗೆಯ ಹತ್ತಿರ ಹೋಗುವಾಗ ಚಪ್ಪಲಿಯನ್ನೂ ಹೊರಗೆ ಬಿಡತೊಡಗಿದ. ನಾನು ಅಷ್ಟೆಲ್ಲ ಹೇಳಿರಲಿಲ್ಲ, ಆದರೆ ತಡೆಯಲೂ ಇಲ್ಲ. ಧೂಳು ಕಡಿಮೆಯಾಯಿತು.

ಇದೇ ರಂಗನಾಥನಿಂದ ಒಂದು ದೊಡ್ಡ ಅನಾಹುತವೂ ಆಯಿತು. ಹೊಸ ಪ್ರಾಂಶುಪಾಲರು ಬಂದಿದ್ದರು, ಕಾಲೇಜು ನೋಡಲು ಒಂದು ತಂಡ ಬರುವುದಿತ್ತು. ಸಂಗ್ರಹಾಲಯ ಫಳಫಳ ಹೊಳೆಯಬೇಕು ಎಂದು ಅವರು ಅಪ್ಪಣೆ ಮಾಡಿದರು. ನಾನು ಭದ್ರಾವತಿಗೆ ಅಣ್ಣನ ಮಗಳ ಮದುವೆಗೆ ಹೋಗಿದ್ದೆ. ಹಿಂದಿರುಗಿದಾಗ, ಸುಣ್ಣಕಲ್ಲಿನ ಕ್ವಾರಿಯಿಂದ ತಂದಿದ್ದ ಕ್ಯಾಲ್ಸೈಟ್ ಹರಳುಗಳೆಲ್ಲ ಮೊಸರು ಬಳಿದಂತೆ ಮಂಕಾಗಿ ಕೂತಿದ್ದವು. ಗಾಜಿನಂತೆ ಪಾರದರ್ಶಕವಾಗಿದ್ದವು ಅವು. ಪಕ್ಕದ ಬಕೆಟ್ಟಿನಲ್ಲಿ ಹುಣಸೆಹಣ್ಣಿನ ಗಷ್ಟು.

“ದೇವರ ದೀಪ ಹುಣಸೇಹಣ್ಣು ಹಾಕಿ ಉಜ್ಜಿದ್ರೆ ಚಿನ್ನದಂಗೆ ಆಗತ್ತೆ ಮೇಡಂ” ಎಂದ ರಂಗನಾಥ. “ರಾತ್ರಿಯೆಲ್ಲ ನೆನೆಹಾಕಿದ್ದೆ, ಕೊಳೆ ಚೆನ್ನಾಗಿ ಬಿಡ್ಲಿ ಅಂತ.”

ಹುಳಿ ಹಿತ್ತಾಳೆಯ ಕಿಲುಬನ್ನು ತಿನ್ನುತ್ತದೆ, ಕ್ಯಾಲ್ಸೈಟಿನ ಮೈಯನ್ನೇ ತಿನ್ನುತ್ತದೆ. ಹೊಸಬರು ಇದನ್ನು ಬರೆದು ಅಂಟಿಸಿಕೊಳ್ಳಿ. ಯಾವ ಕಲ್ಲನ್ನೂ ಅದರ ಒಡೆದ ಚೂರಿನ ಮೇಲೆ ಮೊದಲು ಪರೀಕ್ಷಿಸದೆ ತೊಳೆಯಬಾರದು, ಬರೀ ನೀರಿನಿಂದಲೂ. ಅನುಮಾನವಿದ್ದರೆ ಕೊಳೆಯಾಗಿಯೇ ಇರಲಿ. ಭೂಮಿಯೊಳಗೆ ಅಷ್ಟು ಕಾಲ ಕೊಳೆಯಲ್ಲೇ ಇತ್ತು, ಏನೂ ಆಗಲಿಲ್ಲ. ತಮಾಷೆಯೆಂದರೆ, ಬಂದ ತಂಡದ ಹಿರಿಯರೊಬ್ಬರು ಆ ಮಂಕು ಹರಳುಗಳನ್ನು ನೋಡಿ, “ಎಷ್ಟು ಪ್ರಾಚೀನವಾಗಿ ಕಾಣ್ತವೆ” ಎಂದು ಮೆಚ್ಚಿಕೊಂಡರು. ಪ್ರಾಂಶುಪಾಲರು ನನ್ನ ಕಡೆ ತಿರುಗಿ ನೋಡಿದರು. ನಾನು ಗೋಡೆ ನೋಡಿದೆ. ಅಂದಿನಿಂದ ರಂಗನಾಥ ಯಾರ ಕೈಯಲ್ಲಿ ಒದ್ದೆ ಬಟ್ಟೆ ಕಂಡರೂ ಹಾವು ಕಂಡವನ ಹಾಗೆ ಆಡುತ್ತಿದ್ದ.

ಅದೇ ಪ್ರಾಂಶುಪಾಲರ ಕಾಲದಲ್ಲಿ ಕುಂಸಿಯ ಕಲ್ಲಿಗೆ ನಿಜವಾದ ಗಂಡಾಂತರ ಬಂತು. ಕಾಲೇಜಿನ ಸಮಾರಂಭಕ್ಕೆ ದೊಡ್ಡ ಅತಿಥಿಯೊಬ್ಬರು ಬರುವವರಿದ್ದರು. ಹಾರ, ಶಾಲು, ಗಂಧದ ಆನೆ ಎಲ್ಲರೂ ಕೊಡುತ್ತಾರೆ, ನಮ್ಮ ಮಣ್ಣಿನದೇ ಏನಾದರೂ ಕೊಡೋಣ ಎಂದು ಅವರಿಗೆ ಹೊಳೆಯಿತು. ಪುಷ್ಯ ಮಳೆ ಧೋ ಎಂದು ಸುರಿಯುತ್ತಿದ್ದ ಬೆಳಿಗ್ಗೆ ನನ್ನನ್ನು ಕರೆಸಿದರು.

“ಆ ಕಪ್ಪು ಕಲ್ಲನ್ನ ಒಂದು ಒಳ್ಳೆ ಪೆಟ್ಟಿಗೇಲಿ ಹಾಕಿ, ಕೆಳಗೆ ಕಾಲೇಜಿನ ಹೆಸರು ಬರೆಸಿ ಮೇಡಂ. ಪೂರ್ತಿ ಬೇಡ ಅಂದ್ರೆ ಅರ್ಧ ಮಾಡಿ. ನಿಮಗರ್ಧ, ಅವರಿಗರ್ಧ.”

“ಆಗಲ್ಲ ಸರ್.”

“ಯಾಕೆ ಆಗಲ್ಲ?”

“ಒಂದು ಸಲ ಅರ್ಧ ಆಗಿದೆ. ಜೀಪು ಮಾಡಿತ್ತು. ಇನ್ನೊಂದು ಸಲ ಮಾಡಿದ್ರೆ ಏನೂ ಉಳಿಯಲ್ಲ. ಮತ್ತೆ ಇದು ಪುಷ್ಯ ಮಳೆ. ಪೆಟ್ಟಿಗೆ ತೆಗೆಯೋ ಹಾಗಿಲ್ಲ.”

“ಏನ್ರೀ ಇದು, ಕಾಲೇಜೋ ಪಂಚಾಂಗವೋ? ಕೀಲಿ ಕೊಡಿ.”

ಕೀಲಿ ಕಾಲೇಜಿನದು. ಅವರು ಮುಖ್ಯಸ್ಥರು. ಕೇಳಿದರೆ ಕೊಡಬೇಕು, ಕೊಟ್ಟೆ.

“ತಗೊಳ್ಳಿ ಸರ್. ಆದ್ರೆ ನೀವೇ ತೆಗೀಬೇಕು, ನೀವೇ ಎತ್ತಬೇಕು. ನಾನು ಮುಟ್ಟಲ್ಲ. ರಂಗನಾಥನೂ ಮುಟ್ಟಲ್ಲ.”

ಬಾಗಿಲಲ್ಲಿ ನಿಂತಿದ್ದ ರಂಗನಾಥ ಆಗಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಪ್ರಾಂಶುಪಾಲರು ಮೇಣ ಕೆರೆದು, ಗಾಜಿನ ಬಾಗಿಲು ತೆಗೆದು, ಬಿಳಿ ಅಂಗಿಯ ತೋಳು ಮಡಚಿ ಒಳಗೆ ಕೈ ಹಾಕಿದರು. ಬುಡ ಹಿಡಿಯಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಪೊಳ್ಳಿನ ಅಂಚು ಹಿಡಿದರು. ಕಿರ್ ಎಂದು ಸಣ್ಣ ಸದ್ದಾಯಿತು, ಒಣಗಿದ ದರ್ಭೆ ಮುರಿದ ಹಾಗೆ. ಅವರು ಕೈ ಹಿಂದಕ್ಕೆ ತೆಗೆದರು. ಬೆರಳುಗಳೆಲ್ಲ ಕಾಡಿಗೆ ಬಳಿದಂತೆ ಕಪ್ಪು. ಕಲ್ಲಿನ ಒಂದು ಮೂಲೆಯಲ್ಲಿ ಸೂಜಿಗಳಿದ್ದ ಕಡೆ ಮಂಕಾದ ಒಂದು ಬೋಳು ಗುರುತು.

ಮಳೆಯ ಥಂಡಿ ಗಾಳಿ ಕಿಟಕಿಯಿಂದ ಬರುತ್ತಿತ್ತು. ರಂಗನಾಥ ಹೋಗಿ ಕಿಟಕಿ ಹಾಕಿದ. ಪ್ರಾಂಶುಪಾಲರು ಕರ್ಚೀಫಿನಲ್ಲಿ ಬೆರಳು ಒರೆಸಿಕೊಳ್ಳುತ್ತ, “ಮುಚ್ಚಿ” ಎಂದಷ್ಟೇ ಹೇಳಿ ಹೊರಟುಹೋದರು. ಅತಿಥಿಗೆ ಗಂಧದ ಆನೆಯನ್ನೇ ಕೊಟ್ಟರು. ಉದುರಿದ ಸೂಜಿಗಳನ್ನು ನಾನು ಗರಿಯಿಂದ ಗುಡಿಸಿ ಒಂದು ಪುಟ್ಟ ಸೀಸೆಗೆ ಹಾಕಿ ಕಲ್ಲಿನ ಪಕ್ಕದಲ್ಲೇ ಇಟ್ಟೆ. ಈಗಲೂ ಅದು ಅಲ್ಲೇ ಇದೆ. ಕೇಳಿದವರಿಗೆ ತೋರಿಸಬಹುದು.

ಪ್ರಾಂಶುಪಾಲರಿಗೆ ‘ಆಗಲ್ಲ’ ಎಂದ ಆ ಮಾತಿಗೆ ಬೆಲೆ ತೆರಬೇಕಾಯಿತು. ಬಹಳ ಕಾಲ ನನ್ನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು, ಉತ್ತರ ಪತ್ರಿಕೆಗಳ ಕಟ್ಟು ಕಟ್ಟಿದೆ. ಅಚ್ಚುಕಟ್ಟಾಗಿಯೇ ಕಟ್ಟಿದೆ. ಆ ಕಾಲದಲ್ಲೆಲ್ಲ ಪೆಟ್ಟಿಗೆಯ ಕೀಲಿ ರಂಗನಾಥನ ಉಡಿದಾರದಲ್ಲಿತ್ತು. ಯಾರು ಕೇಳಿದರೂ “ಮನೇಲಿ ಮರೆತು ಬಂದೆ” ಎನ್ನುತ್ತಿದ್ದನಂತೆ.

ನಮ್ಮಂಥವರನ್ನು ಬೆಟ್ಟ ದೋಚುವವರು ಎಂದು ಬೈಯುವವರಿದ್ದಾರೆ. ಮೊನ್ನೆಯೂ ಒಂದು ಸಭೆಯಲ್ಲಿ ಒಬ್ಬ ತರುಣ ಎದ್ದು ನಿಂತು, ಕಲ್ಲನ್ನು ಅದಿದ್ದಲ್ಲೇ ಬಿಡಬೇಕಿತ್ತು ಎಂದ. ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತು. ಸೆಲ್ವಂನ ಜೀಪು ಅದನ್ನು ಪೂರ್ತಿ ಅರೆಯುತ್ತಿತ್ತು. ಇಲ್ಲವೆಂದರೆ ಕ್ರಷರ್ ಅರೆಯುತ್ತಿತ್ತು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಕೂತಾಗಲೆಲ್ಲ, ಈ ರಸ್ತೆಯ ಜಲ್ಲಿಯಲ್ಲಿ ಎಷ್ಟು ಹರಳು ಹೂತುಹೋಗಿದೆಯೋ ಎಂದು ಯೋಚಿಸುತ್ತೇನೆ. ನಾವು ಕ್ವಾರಿಯ ಸಿಡಿಮದ್ದಿಗೂ ಕ್ರಷರಿಗೂ ನಡುವಿನ ಸ್ವಲ್ಪ ಹೊತ್ತಿನಲ್ಲಿ ಓಡಿಹೋಗಿ ಒಂದೆರಡನ್ನು ಎತ್ತಿಕೊಂಡು ಬಂದವರು. ಅದನ್ನು ದೋಚುವುದು ಎನ್ನುವುದಾದರೆ, ಇನ್ನಷ್ಟು ದೋಚಲಿಲ್ಲವಲ್ಲ ಎಂಬ ವ್ಯಥೆ ಮಾತ್ರ ನನಗಿದೆ.

ನಾನು ನಿವೃತ್ತಳಾದಾಗ ಎಷ್ಟೋ ಜನ ಹೇಳಿದರು: ಆ ಕಲ್ಲು ಮನೆಗೆ ತಗೊಂಡು ಹೋಗಿ, ಇಲ್ಲಿ ಯಾರಿಗೆ ಬೇಕು, ನಿಮ್ಮದೇ ಅಲ್ವಾ. ನನ್ನದಲ್ಲ. ನನ್ನದಾಗಿದ್ದರೆ ಇಷ್ಟು ಹೊಡೆದಾಡುತ್ತಿರಲಿಲ್ಲ.

ಈಗ ಸಂಗ್ರಹಾಲಯ ನೋಡಿಕೊಳ್ಳುತ್ತಿರುವವಳು ರೇಷ್ಮಾ. ಅವಳೂ ಭದ್ರಾವತಿಯವಳು, ಎಂ.ಎಸ್ಸಿ. ಓದಿದ್ದಾಳೆ, ಮೆತ್ತಗೆ ಮಾತಾಡುತ್ತಾಳೆ. ಆ ಮೆತ್ತಗಿನ ಮಾತೇ ನನಗೆ ಚಿಂತೆಯಾಗಿತ್ತು. ಈ ವರ್ಷ ಮಳೆ ಶುರುವಾಗುವ ಮೊದಲು ಕಾಲೇಜಿನವರು ಒಂದು ಸಭೆಗೆ ನನ್ನನ್ನೂ ಕರೆದಿದ್ದರು. ಹೊಸ ಕಟ್ಟಡದ ಹಜಾರದಲ್ಲಿ ಕುಂಸಿಯ ಕಲ್ಲನ್ನು ದೀಪದ ಕೆಳಗೆ ತೆರೆದಿಡುವುದು, ಉದುರದಂತೆ ವಾರ್ನಿಷ್ ಹೊಡೆಸುವುದು, ಬಂದ ಮಕ್ಕಳು ಮುಟ್ಟಿ ನೋಡಿ ಫೋಟೊ ತೆಗೆಸಿಕೊಳ್ಳುವುದು, ಇದು ಈಗಿನವರ ಯೋಜನೆ. ನಾನು ಎದ್ದು ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿದೆ. ವಾರ್ನಿಷ್ ಹೊಡೆದ ಮೇಲೆ ಅದು ಖನಿಜವಲ್ಲ, ಕುರ್ಚಿಯ ಕಾಲು ಎಂದೆ. ರೇಷ್ಮಾ ಒಂದು ಮಾತೂ ಆಡಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ.

“ನೀನ್ಯಾಕಮ್ಮ ಬಾಯಿ ಬಿಡ್ಲಿಲ್ಲ?”

“ನೀವು ಮಾತಾಡೋಕೆ ಬಿಟ್ಟಿದ್ರೆ ತಾನೇ ಮೇಡಂ” ಎಂದಳು.

ಮರುವಾರ ಅವಳು ಹಜಾರದಲ್ಲಿ ಒಂದು ಮೇಜು ಹಾಕಿಸಿದಳು. ಅದರ ಮೇಲೆ ಮುಷ್ಟಿಗಾತ್ರದ ಬೆಣಚುಕಲ್ಲು, ಕಬ್ಬಿಣದ ಅದಿರಿನ ಗಟ್ಟಿ, ಆ ಹುಣಸೆಹಣ್ಣು ತಿಂದ ಕ್ಯಾಲ್ಸೈಟುಗಳು. ಎಷ್ಟು ಮುಟ್ಟಿದರೂ ಏನೂ ಆಗದಂಥವು, ಇಲ್ಲವೇ ಆಗಬೇಕಾದ್ದು ಆಗಿಹೋದಂಥವು. ಮಕ್ಕಳು ಮುತ್ತಿಕೊಂಡರು, ಈಗಿನ ಪ್ರಾಂಶುಪಾಲರು ಫೋಟೊ ತೆಗೆಸಿಕೊಂಡರು, ಕುಂಸಿಯ ಕಲ್ಲಿನ ಸುದ್ದಿ ಯಾರೂ ಎತ್ತಲಿಲ್ಲ. ಇದು ನನ್ನ ದಾರಿಯಲ್ಲ. ಕೇಳಿದ್ದನ್ನು ಕೊಡದೆ, ಬೇರೇನೋ ಕೈಗಿಟ್ಟು ಕಳಿಸುವುದು ನನಗೆ ಬರುವುದಿಲ್ಲ. ಆದರೆ ಕೆಲಸವಾಯಿತು ಎಂಬುದನ್ನು ಒಪ್ಪಬೇಕು. ಆದರೂ ನನ್ನ ಅನುಮಾನ ಹೋಗಿರಲಿಲ್ಲ. ಮೇಜು ಹಾಕಿಸಲು ಬುದ್ಧಿ ಸಾಕು. ನೇರವಾಗಿ ಕೇಳಿದವರ ಮುಖಕ್ಕೆ ಇಲ್ಲ ಎನ್ನಲು ಇವಳಿಗೆ ಬರುತ್ತದೆಯೇ?

ಈ ಬರಹದ ಜೊತೆ ಆ ಕಲ್ಲಿನ ಒಂದು ಚಿತ್ರ ಇರಲಿ ಎಂದು ಪತ್ರಿಕೆಯವರು ಕೇಳಿದ್ದರು. ಕಳೆದ ವಾರ ಕೊಡೆ ಹಿಡಿದು ಕಾಲೇಜಿಗೆ ಹೋದೆ. ಆಶ್ಲೇಷಾ ಮಳೆ. ಪೆಟ್ಟಿಗೆಯ ಅಂಚಿಗೆ ಮೇಣ ನೀಟಾಗಿ ಕೂತಿತ್ತು. ಗಾಜಿನ ಹೊರಗಿನಿಂದ ತೆಗೆದರೆ ಟ್ಯೂಬ್‌ಲೈಟು ಮಾತ್ರ ಚೆನ್ನಾಗಿ ಬರುತ್ತಿತ್ತು.

“ಒಂದು ಗಳಿಗೆ ಬಾಗಿಲು ತೆಗಿ ರೇಷ್ಮಾ. ಒಂದೇ ಫೋಟೊ. ಬುಡ ಹಿಡ್ಕೊಳ್ಳೋಕೂ ಹೋಗಲ್ಲ” ಎಂದೆ.

ಅವಳು ನನಗೆ ಕುರ್ಚಿ ಎಳೆದು ಹಾಕಿದಳು. ಬಿಸಿ ನೀರು ತರಿಸಿದಳು. ಒದ್ದೆಯಾಗಿದ್ದ ಕೊಡೆಯನ್ನು ಪೆಟ್ಟಿಗೆಯ ಹತ್ತಿರದಿಂದ ಎತ್ತಿ ಬಾಗಿಲಾಚೆ ಇಟ್ಟು ಬಂದಳು. ಆಮೇಲೆ ನನ್ನ ಮುಖ ನೋಡಿಕೊಂಡು, ದನಿ ಏರಿಸದೆ ಹೇಳಿದಳು.

“ಆಗಲ್ಲ ಮೇಡಂ.”

“ನಾನು ಕೇಳಿದ್ರೂ?”

“ಸ್ವಾತಿ ಮುಗೀಲಿ. ಆಮೇಲೆ ಬನ್ನಿ.”

ಬಿಸಿ ನೀರು ಕುಡಿದು, ಕೊಡೆ ತೆಗೆದುಕೊಂಡು ಹೊರಟೆ.

ಆದ್ದರಿಂದ ಈ ಬರಹದ ಜೊತೆ ಚಿತ್ರ ಇಲ್ಲ. ಕಲ್ಲು ನೋಡಬೇಕೆನ್ನುವವರು ಶಿವಮೊಗ್ಗಕ್ಕೇ ಬರಬೇಕು, ಪೆಟ್ಟಿಗೆಯ ಮುಂದೆ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಯಾರ ಶಿಫಾರಸೂ ನಡೆಯುವುದಿಲ್ಲ. ನನ್ನದೇ ನಡೆಯಲಿಲ್ಲ.